ಫ್ರಯರ್ನ್ ಆಸ್ಪತ್ರೆಗೆ ಬೀಗ ಬಿದ್ದ ಮೇಲೆ

ಲಂಡನ್ನಿನವರು 1851ರಲ್ಲಿ ಎರಡು ಕಟ್ಟಡಗಳನ್ನು ಹೆಮ್ಮೆಯಿಂದ ತೋರಿಸಿಕೊಳ್ಳುತ್ತಿದ್ದರು. ಒಂದು, ಮಹಾ ಪ್ರದರ್ಶನಕ್ಕೆಂದು ಹೈಡ್ ಪಾರ್ಕಿನಲ್ಲಿ ಎದ್ದ ಗಾಜಿನ ಅರಮನೆ. ಇನ್ನೊಂದು, ಊರಿನ ಉತ್ತರದ ಅಂಚಿನ ಕೋಲ್ನಿ ಹ್ಯಾಚ್‌ನಲ್ಲಿ ಅದೇ ವರ್ಷ ಬಾಗಿಲು ತೆರೆದ ಹುಚ್ಚಾಸ್ಪತ್ರೆ. ಆಸ್ಪತ್ರೆಗೆ ಎರಡು ವರ್ಷ ಮೊದಲು ಅಡಿಗಲ್ಲು ಇಟ್ಟವನು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್. ಇಟಲಿಯ ಶೈಲಿಯ ಮುಂಭಾಗ, ನಡುವೆ ಗುಮ್ಮಟ, ಒಳಗೆ ಮೈಲಿಯ ಮೂರನೇ ಒಂದು ಪಾಲಿಗಿಂತ ಉದ್ದದ ಒಂದೇ ಕಾರಿಡಾರು. ಯೂರೋಪಿನಲ್ಲೇ ಇಷ್ಟು ಉದ್ದದ್ದು ಬೇರೆ ಇಲ್ಲ ಎಂಬ ಹೆಸರು ಅದಕ್ಕಿತ್ತು. 1,250 ಜನರಿಗೆಂದು ಕಟ್ಟಿದ್ದು, ತುಂಬಿ ತುಳುಕಿದ ಕಾಲದಲ್ಲಿ 3,500 ಜನರನ್ನು ಇಟ್ಟುಕೊಂಡಿತ್ತು. ಜಾಗ ಸಾಲದೆ ಮರದ ತಾತ್ಕಾಲಿಕ ವಾರ್ಡುಗಳನ್ನು ಎಬ್ಬಿಸಿದರು. 1903ರ ಜನವರಿಯಲ್ಲಿ ಅವುಗಳಿಗೆ ಬೆಂಕಿ ಬಿದ್ದು 51 ಹೆಂಗಸರು ಸತ್ತರು. ಮುಂದೆ ಆಸ್ಪತ್ರೆಯ ಹೆಸರು ಫ್ರಯರ್ನ್ ಎಂದಾಯಿತು. ಹೆಸರು ಬದಲಾದರೂ ಕೋಲ್ನಿ ಹ್ಯಾಚ್ ಎಂದರೆ ಲಂಡನ್ನಿನವರ ಬಾಯಲ್ಲಿ ಹುಚ್ಚಿಗೆ ಪರ್ಯಾಯವಾಗಿಯೇ ಬಹುಕಾಲ ಉಳಿಯಿತು. 1993ರಲ್ಲಿ ಆಸ್ಪತ್ರೆಗೆ ಶಾಶ್ವತವಾಗಿ ಬೀಗ ಬಿತ್ತು. ಅದೇ ಗುಮ್ಮಟದ ಕೆಳಗೆ ಈಗ ಸಿರಿವಂತರ ಫ್ಲ್ಯಾಟುಗಳಿವೆ.

ಇಂಥ ಆಸ್ಪತ್ರೆಗಳನ್ನು ಮುಚ್ಚಿದ ಕಥೆಯನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತಾರೆ. ಸೆರೆಯಲ್ಲಿದ್ದವರಿಗೆ ಬಿಡುಗಡೆ ಸಿಕ್ಕಿತು ಎನ್ನುವುದು ಒಂದು. ಸರ್ಕಾರ ದುಡ್ಡು ಉಳಿಸಲೆಂದು ರೋಗಿಗಳನ್ನು ಬೀದಿಗೆ ತಳ್ಳಿತು ಎನ್ನುವುದು ಇನ್ನೊಂದು. ಫ್ರಯರ್ನ್ ಆಸ್ಪತ್ರೆಯ ದಾಖಲೆ ಈ ಎರಡಕ್ಕೂ ಪೂರ್ತಿ ಒಗ್ಗುವುದಿಲ್ಲ. ಹೊರಗೆ ಬಂದವರ ಕಾಯಿಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಬದುಕು ಮಾತ್ರ ಬದಲಾಯಿತು. ದಶಕಗಳ ಕಾಲ ರೋಗದ ಲಕ್ಷಣವೆಂದು ಬರೆದಿಟ್ಟಿದ್ದರಲ್ಲಿ ಎಷ್ಟೋ ಪಾಲು ಆ ಕಟ್ಟಡದ ಕೊಡುಗೆ ಎಂಬುದು ನನ್ನ ವಾದ. ಆ ಬದಲಾವಣೆ ತಾನಾಗಿ ಆದದ್ದಲ್ಲ. ರೋಗಿಯ ಹಿಂದೆಯೇ ಮನೆ, ಸಿಬ್ಬಂದಿ ಮತ್ತು ಹಣ ನಡೆದು ಬಂದದ್ದರಿಂದ ಆಯಿತು.

ಒಳಗಿನ ಬದುಕು ಹೇಗಿತ್ತೆಂದು ತಿಳಿಯಲು ಕ್ರೌರ್ಯದ ಕಥೆಗಳನ್ನು ಹುಡುಕಬೇಕಿಲ್ಲ, ದಿನಚರಿ ಸಾಕು. 1965ರಲ್ಲಿ ಬಾರ್ಬರಾ ರಾಬ್ ಎಂಬಾಕೆ ತಮ್ಮ ಪರಿಚಯದ ವೃದ್ಧೆಯೊಬ್ಬರನ್ನು ನೋಡಲು ಫ್ರಯರ್ನ್‌ಗೆ ಹೋದರು. ವಾರ್ಡಿನ ಮುದುಕಿಯರಿಂದ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರಗಳನ್ನು ಕಿತ್ತಿಟ್ಟುಕೊಂಡಿದ್ದು ಅವರ ಕಣ್ಣಿಗೆ ಬಿತ್ತು. ಕಾಣದ, ಕೇಳದ, ಅಗಿಯಲಾಗದ ಹೆಂಗಸು ದಿನವಿಡೀ ಕುರ್ಚಿಯಲ್ಲಿ ಸುಮ್ಮನೆ ಕೂತರೆ, ಆಕೆಗೆ ಯಾವುದರಲ್ಲೂ ಆಸಕ್ತಿ ಇಲ್ಲವೆಂದು ಕಡತದಲ್ಲಿ ಬರೆಯುವುದು ಎಷ್ಟು ಸುಲಭ! ರಾಬ್ 1967ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದಾಗ ಸರ್ಕಾರ ತನಿಖಾ ಸಮಿತಿಗಳನ್ನು ನೇಮಿಸಿತು. ಸಮಿತಿಗಳು ಬಹುತೇಕ ಆರೋಪಗಳಿಗೆ ಆಧಾರವಿಲ್ಲ ಎಂದು ಕೈತೊಳೆದುಕೊಂಡವು. 1969ರಲ್ಲಿ ವೇಲ್ಸ್‌ನ ಈಲಿ ಆಸ್ಪತ್ರೆಯ ವರದಿ ಹೊರಬಿದ್ದು, ರಾಬ್ ಹೇಳಿದಂಥದ್ದೆಲ್ಲ ನಡೆಯುತ್ತಿತ್ತೆಂದು ಒಪ್ಪಬೇಕಾಯಿತು.

ಸುಮ್ಮನೆ ಕೂರುವುದು ರೋಗವೋ ರೂಢಿಯೋ ಎಂಬ ಪ್ರಶ್ನೆಯನ್ನು ವೈದ್ಯರು ಅದಕ್ಕೂ ಮೊದಲೇ ಎತ್ತಿದ್ದರು. ರಸೆಲ್ ಬಾರ್ಟನ್ 1959ರಲ್ಲೇ, ಆಸ್ಪತ್ರೆಯ ವಾಸವೇ ಒಂದು ಬೇರೆ ಕಾಯಿಲೆಯನ್ನು ಹುಟ್ಟಿಸುತ್ತದೆ ಎಂದು ವಾದಿಸಿದ್ದರು. ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಇಂಗ್ಲೆಂಡಿನ ಮೂರು ಆಸ್ಪತ್ರೆಗಳನ್ನು ಎಂಟು ವರ್ಷ ಹಿಂಬಾಲಿಸಿ 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಲೆಕ್ಕ ಹಾಕಿದ್ದು ತೀರ ಚಿಕ್ಕ ಸಂಗತಿಗಳನ್ನು: ರೋಗಿಗೆ ಸ್ವಂತ ಬಾಚಣಿಗೆ ಇದೆಯೇ, ಕನ್ನಡಿ ಇದೆಯೇ, ಏನೂ ಮಾಡದೆ ಎಷ್ಟು ಗಂಟೆ ಕಳೆಯುತ್ತಾರೆ. ಸುತ್ತಲಿನ ಬದುಕು ಎಷ್ಟು ಬಡವೋ ಸ್ಕಿಜೋಫ್ರೇನಿಯಾ ಇರುವವರು ಅಷ್ಟೇ ತಮ್ಮೊಳಗೆ ಮುದುಡಿಕೊಳ್ಳುತ್ತಿದ್ದರು. ವಾರ್ಡು ಸುಧಾರಿಸಿದಾಗ ಅವರೂ ಒಂದಿಷ್ಟು ಅರಳುತ್ತಿದ್ದರು. ನನ್ನ ಮಟ್ಟಿಗೆ ಇಡೀ ಚರ್ಚೆಯ ಅಡಿಪಾಯ ಆ ಬಾಚಣಿಗೆಯ ಲೆಕ್ಕವೇ.

ರಾಜಕೀಯ ನಿರ್ಧಾರಕ್ಕೆ ಬೇರೆ ಕಾರಣಗಳೂ ಸೇರಿದವು. ಐವತ್ತರ ದಶಕದ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರು. ಹೊಸ ಔಷಧಗಳು ಬಂದಿದ್ದವು, ಹಳೆಯ ಕಟ್ಟಡಗಳ ದುರಸ್ತಿ ದುಬಾರಿಯಾಗಿತ್ತು. 1961ರಲ್ಲಿ ಆರೋಗ್ಯ ಸಚಿವ ಈನಾಕ್ ಪಾವೆಲ್, ಈ ಆಸ್ಪತ್ರೆಗಳು ಹದಿನೈದು ವರ್ಷದಲ್ಲಿ ಬಹುಮಟ್ಟಿಗೆ ಇಲ್ಲವಾಗಬೇಕು ಎಂದು ಘೋಷಿಸಿದರು. ಘೋಷಣೆಗೂ ಕೆಲಸಕ್ಕೂ ನಡುವೆ ಎರಡು ದಶಕ ಹಿಡಿಯಿತು. ಫ್ರಯರ್ನ್ ಮತ್ತು ಅದೇ ಪ್ರದೇಶದ ಕ್ಲೇಬರಿಯನ್ನು ಹತ್ತು ವರ್ಷದೊಳಗೆ ಮುಚ್ಚಬೇಕೆಂದು ಈಶಾನ್ಯ ಥೇಮ್ಸ್ ಪ್ರಾದೇಶಿಕ ಆರೋಗ್ಯ ಮಂಡಳಿ ತೀರ್ಮಾನಿಸಿದ್ದು 1983ರಲ್ಲಿ.

ಇಲ್ಲಿ ಒಂದು ಅಪರೂಪದ ಕೆಲಸ ಆಯಿತು. ಮುಚ್ಚುವ ಮೊದಲೇ ಅಳೆಯಲು ತೊಡಗಿದರು. ಮನೋವೈದ್ಯ ಜೂಲಿಯನ್ ಲೆಫ್ ಅವರ ನೇತೃತ್ವದಲ್ಲಿ 1985ರಲ್ಲಿ 'ಟ್ಯಾಪ್ಸ್' ಎಂಬ ಸಂಶೋಧನಾ ತಂಡ ಹುಟ್ಟಿ, ಮುಂದಿನ ಹದಿಮೂರು ವರ್ಷ ಎರಡೂ ಆಸ್ಪತ್ರೆಗಳ ದೀರ್ಘವಾಸಿಗಳ ಬೆನ್ನು ಬಿಡಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಳಗಿದ್ದು, ಮರೆಗುಳಿ ರೋಗವಿಲ್ಲದ ಪ್ರತಿಯೊಬ್ಬರನ್ನೂ ಅವರು ಪಟ್ಟಿಗೆ ಸೇರಿಸಿದರು. ರೋಗಲಕ್ಷಣಗಳ ಜೊತೆಗೆ ಬೇರೆ ಪ್ರಶ್ನೆಗಳನ್ನೂ ಕೇಳಿದರು: ಕಳೆದ ತಿಂಗಳು ಯಾರ ಜೊತೆ ಮಾತಾಡಿದಿರಿ, ಕಾಣದಿದ್ದರೆ ನೆನಪಾಗುವವರು ಯಾರು, ಇಲ್ಲೇ ಇರಲು ಇಷ್ಟವೇ? ವಾಸದ ಜಾಗದ ಕಟ್ಟುಪಾಡುಗಳನ್ನೂ ಎಣಿಸಿದರು: ಮಲಗುವ ಹೊತ್ತು ಯಾರು ಗೊತ್ತು ಮಾಡುತ್ತಾರೆ, ಅಡುಗೆಮನೆಗೆ ಹೋಗಿ ಒಂದು ಕಪ್ ಚಹಾ ಮಾಡಿಕೊಳ್ಳಬಹುದೇ, ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಳ್ಳಬಹುದೇ, ಹೊರಗೆ ಹೋಗಲು ಯಾರ ಅಪ್ಪಣೆ ಬೇಕು. ಬದುಕಿನ ಗುಣಮಟ್ಟ ಎಂಬ ಮಾತು ಸಮ್ಮೇಳನಗಳಲ್ಲಿ ಗಾಳಿಯಂತೆ ತೇಲುತ್ತದೆ. ಈ ತಂಡ ಅದನ್ನು ನೆಲಕ್ಕೆ ಇಳಿಸಿ ಚಹಾದ ಕಪ್ಪಿನಲ್ಲಿ ಅಳೆಯಿತು.

ಕಂಡದ್ದೇನು? ಸಮುದಾಯಕ್ಕೆ ಹೋದ 670 ಜನರನ್ನು ಐದು ವರ್ಷ ಹಿಂಬಾಲಿಸಿದ ವರದಿ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬದುಕುಳಿದ 523 ಜನರಲ್ಲಿ 469 ಮಂದಿ, ಅಂದರೆ ಶೇಕಡಾ ತೊಂಬತ್ತರಷ್ಟು, ಐದನೇ ವರ್ಷದ ಕೊನೆಗೂ ಆಸ್ಪತ್ರೆಯ ಹೊರಗೇ ಇದ್ದರು. ಬೀದಿಪಾಲಾದವರು ಬೆರಳೆಣಿಕೆಯಷ್ಟು, ಅಪರಾಧ ಮಾಡಿದವರೂ ಹಾಗೆಯೇ. ಸಾವಿನ ಪ್ರಮಾಣ ಇಂಥ ರೋಗಿಗಳಲ್ಲಿ ಬೇರೆಡೆ ಕಂಡುಬರುವಷ್ಟೇ ಇತ್ತು. ಭ್ರಮೆ, ಕೇಳಿಸುವ ದನಿಗಳು, ಅನುಮಾನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆದರೆ ಕಟ್ಟುಪಾಡುಗಳು ಬಹಳ ಕಡಿಮೆಯಾದವು, ಮನೆಗೆಲಸದ ಚಿಕ್ಕಪುಟ್ಟ ಕುಶಲತೆ ಮರಳಿತು, ಸ್ನೇಹಿತರ ಸಂಖ್ಯೆ ಏರಿತು, ಮನಸ್ಸು ಬಿಚ್ಚಿ ಮಾತಾಡಬಲ್ಲವರು ಸಿಕ್ಕರು. ಈಗಿರುವಲ್ಲೇ ಇರುತ್ತೀರಾ ಎಂದು ಕೇಳಿದರೆ ಐವರಲ್ಲಿ ನಾಲ್ವರು ಹೌದು ಎಂದರು. ಆಸ್ಪತ್ರೆಯಲ್ಲಿದ್ದಾಗ ಇದೇ ಪ್ರಶ್ನೆಗೆ ಹೌದು ಎಂದವರು ಇದಕ್ಕಿಂತ ಎಷ್ಟೋ ಕಡಿಮೆ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ, ಅದು ಹುರುಳಿಲ್ಲದ್ದೇನೂ ಅಲ್ಲ. ಸಾಧು ರೋಗಿಗಳನ್ನು ಮೊದಲು ಕಳಿಸಿ, ಕಷ್ಟದವರನ್ನು ಒಳಗಿಟ್ಟುಕೊಂಡರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದಲ್ಲವೇ? ನಿಜ, ಮೊದಲ ವರ್ಷಗಳಲ್ಲಿ ಹೋದವರು ಹಾಗೆ ಆಯ್ದವರೇ. ಅದಕ್ಕೇ ತಂಡ ಹೊರಟ ಪ್ರತಿಯೊಬ್ಬರಿಗೂ ವಯಸ್ಸು, ಲಿಂಗ, ಕಾಯಿಲೆ, ಒಳಗೆ ಕಳೆದ ಕಾಲ ಹೊಂದುವ ಇನ್ನೊಬ್ಬರನ್ನು ಒಳಗಿರುವವರಲ್ಲಿ ಆರಿಸಿ ಹೋಲಿಸಿತು. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆ ಪೂರ್ತಿ ಮುಚ್ಚಿದ್ದರಿಂದ ಕೊನೆಗೆ ಎಲ್ಲರೂ ಹೋಗಲೇಬೇಕಾಯಿತು. ಎಲ್ಲೂ ಸಲ್ಲದವರು ಎಂದು ತೀರ್ಪಾಗಿದ್ದ 72 ಜನರು ಕೊನೆಯಲ್ಲಿ ಉಳಿದರು. ಹೊಡೆಯುವವರು, ಬೆಂಕಿ ಹಚ್ಚುವವರು, ಲೈಂಗಿಕವಾಗಿ ತೊಂದರೆ ಕೊಡುವವರು ಅವರಲ್ಲಿದ್ದರು. ಅವರನ್ನು ಸಿಬ್ಬಂದಿ ಹೆಚ್ಚಿರುವ ವಿಶೇಷ ಘಟಕಗಳಿಗೆ ಸಾಗಿಸಲಾಯಿತು. ಐದು ವರ್ಷಗಳಲ್ಲಿ ಅವರ ಕಷ್ಟದ ನಡವಳಿಕೆ ಗಣನೀಯವಾಗಿ ತಗ್ಗಿತು. ಶೇಕಡಾ 40ರಷ್ಟು ಮಂದಿ ಅಲ್ಲಿಂದ ಹೆಚ್ಚು ಸ್ವಾತಂತ್ರ್ಯವಿರುವ ಸಾಮಾನ್ಯ ಆರೈಕೆ ಮನೆಗಳಿಗೆ ಹೋದರು. ಇವರನ್ನು ಯಾವ ಔಷಧವೂ ದಾರಿಗೆ ತಂದಿಲ್ಲ ಎಂದು ಆಸ್ಪತ್ರೆ ಮೊದಲೇ ಕೈಚೆಲ್ಲಿತ್ತು ಎಂಬುದನ್ನು ಮರೆಯಬಾರದು.

ಎರಡನೇ ಆಕ್ಷೇಪ ವೈದ್ಯರದ್ದು: ಕಾಯಿಲೆ ವಾಸಿಯಾಗದಿದ್ದರೆ ಜಾಗ ಬದಲಿಸಿ ಸಾಧಿಸಿದ್ದೇನು? ಆಸ್ಪತ್ರೆಗಳ ಆಳ್ವಿಕೆ ನೂರೈವತ್ತು ವರ್ಷ ನಿಂತದ್ದೇ ಈ ಪ್ರಶ್ನೆಯ ಮೇಲೆ. ವಾಸಿಯಾಗುವವರೆಗೆ ಬದುಕನ್ನು ಕಾಯಿಸಿಡಬಹುದು, ವಾಸಿಯಾಗದಿದ್ದರೆ ಕೊನೆವರೆಗೂ ಕಾಯಿಸಬಹುದು ಎಂಬುದು ಅದರ ಒಳಗಿನ ನಂಬಿಕೆ. ಸಕ್ಕರೆ ಕಾಯಿಲೆ ಇರುವವನಿಗೆ ಅದು ಹೋದ ಮೇಲೆ ಸ್ವಂತ ಬಟ್ಟೆ ಕೊಡುತ್ತೇವೆ ಎಂದು ಯಾರೂ ಹೇಳುವುದಿಲ್ಲ. ದನಿಗಳು ಕೇಳುತ್ತಲೇ ಇದ್ದರೂ ಸಂಜೆ ಅಂಗಡಿಗೆ ಹೋಗಿ ತನಗೆ ಬೇಕಾದ ಬಿಸ್ಕತ್ತು ಕೊಳ್ಳಬಹುದು ಎಂಬುದು ವೈದ್ಯಶಾಸ್ತ್ರದ ಸಾಧನೆಯಲ್ಲ, ಒಪ್ಪುತ್ತೇನೆ. ಬಿಸ್ಕತ್ತು ತಿನ್ನುವವನಿಗೆ ಅದು ಸಾಧನೆಯೇ.

ತೀರ ಜೋರಾದ ಆಕ್ಷೇಪ ಬಂದದ್ದು ಪತ್ರಿಕೆಗಳಿಂದ. 1992ರ ಡಿಸೆಂಬರಿನಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಸುರಂಗ ರೈಲು ನಿಲ್ದಾಣದಲ್ಲಿ ಸ್ಕಿಜೋಫ್ರೇನಿಯಾ ಇದ್ದ ಕ್ರಿಸ್ಟೋಫರ್ ಕ್ಲೂನಿಸ್ ಎಂಬಾತ, ಗುರುತು ಪರಿಚಯವಿಲ್ಲದ ಯುವಕನನ್ನು ಚಾಕುವಿನಿಂದ ಇರಿದು ಕೊಂದ. ಫ್ರಯರ್ನ್ ಮುಚ್ಚಿದ್ದು ಅದಾದ ಕೆಲವೇ ತಿಂಗಳಲ್ಲಿ. ಓದುಗರು ಎರಡನ್ನೂ ಜೋಡಿಸಿಕೊಂಡರು. 1998ರಲ್ಲಿ ಆರೋಗ್ಯ ಸಚಿವ ಫ್ರಾಂಕ್ ಡಾಬ್ಸನ್ ಅವರೇ ಸಮುದಾಯ ಆರೈಕೆ ವಿಫಲವಾಗಿದೆ ಎಂದುಬಿಟ್ಟರು. ಆದರೆ ಕ್ಲೂನಿಸ್ ಹಳೆಯ ಆಸ್ಪತ್ರೆಯಿಂದ ಬಿಡುಗಡೆಯಾದ ದೀರ್ಘವಾಸಿಯಲ್ಲ. ಆತ ಆಸ್ಪತ್ರೆಯಿಂದ ಆಸ್ಪತ್ರೆಗೆ, ವಸತಿಯಿಂದ ವಸತಿಗೆ ಅಲೆದು, ಯಾರ ಜವಾಬ್ದಾರಿಯೂ ಆಗದೆ ಉಳಿದುಹೋದವನು. ಆಮೇಲೆ ನಡೆದ ವಿಚಾರಣೆ ಬಯಲಿಗೆಳೆದದ್ದೂ ಇದನ್ನೇ. ಫ್ರಯರ್ನ್‌ನಿಂದ ಹೊರಟವರಿಗೆ ಹೆಸರು ಹಿಡಿದು ಕರೆಯುವ ಸಿಬ್ಬಂದಿ, ಮೀಸಲಿಟ್ಟ ಹಾಸಿಗೆ, ಹಿಂದೆ ಬಂದ ಹಣ ಇದ್ದವು. ಅವರ ನಂತರದ ಪೀಳಿಗೆಗೆ ಅದಾವುದೂ ಇರಲಿಲ್ಲ. ಪಮೇಲಾ ಟೇಲರ್ ಮತ್ತು ಜಾನ್ ಗನ್ 1957ರಿಂದ 1995ರವರೆಗಿನ ಕೊಲೆ ಪ್ರಕರಣಗಳನ್ನು ಶೋಧಿಸಿದಾಗ, ಆಸ್ಪತ್ರೆಗಳು ಖಾಲಿಯಾಗುತ್ತಿದ್ದ ಆ ನಲವತ್ತು ವರ್ಷಗಳಲ್ಲಿ ಒಟ್ಟು ಕೊಲೆಗಳಲ್ಲಿ ಮಾನಸಿಕ ಅಸ್ವಸ್ಥರ ಪಾಲು ಏರುವ ಬದಲು ಇಳಿದಿತ್ತು. ಈ ಲೆಕ್ಕ ಸತ್ತವನ ಮನೆಯವರಿಗೆ ಸಮಾಧಾನವಲ್ಲ. ಆದರೆ ಹಳೆಯ ಬಾಗಿಲುಗಳನ್ನು ಮತ್ತೆ ತೆರೆದಿದ್ದರೆ ಆ ಸಾವು ತಪ್ಪುತ್ತಿತ್ತು ಎನ್ನುವುದಕ್ಕೆ ಅದು ಆಧಾರ ಕೊಡುವುದಿಲ್ಲ.

ಟ್ಯಾಪ್ಸ್ ತಂಡ ತನಗೆ ಒಗ್ಗದ ಸಂಗತಿಗಳನ್ನೂ ಮುಚ್ಚಿಡಲಿಲ್ಲ. ಹೊರಗೆ ಹೋದವರಲ್ಲಿ ಮೂರನೇ ಒಂದು ಭಾಗ ಐದು ವರ್ಷದಲ್ಲಿ ಒಮ್ಮೆಯಾದರೂ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ತುರ್ತಾಗಿ ಬೇಕಾದ ಹಾಸಿಗೆಗಳ ಲೆಕ್ಕಾಚಾರ ತಪ್ಪಿ ಜಿಲ್ಲಾ ಆಸ್ಪತ್ರೆಗಳ ಮೇಲೆ ಒತ್ತಡ ಬಿತ್ತು. ಹೊಸ ಸ್ನೇಹಿತರಲ್ಲಿ ಹೆಚ್ಚಿನವರು ಅದೇ ಮನೆಯ ಸಹವಾಸಿಗಳು. ಊರಿನವರ ಜೊತೆ ಬೆರೆತರು ಎನ್ನುವುದು ಉತ್ಪ್ರೇಕ್ಷೆಯಾದೀತು. ಇನ್ನು ದುಡ್ಡಿನ ವಿಷಯ. ಕೆಂಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, ಒಟ್ಟಾರೆ ಖರ್ಚು ಆಸ್ಪತ್ರೆಯದ್ದಕ್ಕಿಂತ ಹೆಚ್ಚೇನೂ ಅಲ್ಲ ಎಂದರು. ಆದರೆ ಮೊದಲು ಹೋದವರದು ಅಗ್ಗ, ಕೊನೆಗೆ ಹೋದವರದು ಬಲು ದುಬಾರಿ. ಅಗ್ಗದವರನ್ನು ನೋಡಿ ಉಳಿತಾಯದ ಕನಸು ಕಟ್ಟಿದ ಆಡಳಿತಗಳು ಮುಂದೆ ಪೇಚಿಗೆ ಸಿಕ್ಕವು. ಪ್ರತಿ ರೋಗಿಯ ಹಿಂದೆ ಆಸ್ಪತ್ರೆಯ ಬಜೆಟ್ಟಿನಿಂದ ಒಂದು ಮೊತ್ತ ಸ್ಥಳೀಯ ಸಂಸ್ಥೆಗೆ ಹೋಗುತ್ತಿತ್ತು. ಅಧಿಕಾರಿಗಳ ಆಡುಮಾತಿನಲ್ಲಿ ಅದಕ್ಕೆ 'ಡೌರಿ' ಎಂದೇ ಹೆಸರು. ವರದಕ್ಷಿಣೆಯಲ್ಲಿ ನಾನು ಸಮರ್ಥಿಸಬಲ್ಲದ್ದು ಇದೊಂದೇ. ಅಮೆರಿಕದಲ್ಲಿ ಹೀಗಾಗಲಿಲ್ಲ. 1955ರಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಮುಂದಿನ ಕಾಲು ಶತಮಾನದಲ್ಲಿ ಆ ಸಂಖ್ಯೆ ಮುಕ್ಕಾಲು ಪಾಲು ಇಳಿಯಿತು, ಹೊರಬಂದವರ ಹಿಂದೆ ಹಣ ಮಾತ್ರ ಸರಿಯಾಗಿ ನಡೆದು ಬರಲಿಲ್ಲ.

ನೆರೆಹೊರೆಯ ಬಗ್ಗೆ ದಕ್ಷಿಣ ಲಂಡನ್ನಿನಲ್ಲಿ ಒಂದು ಚಿಕ್ಕ, ಚೆಂದದ ಪ್ರಯೋಗ ನಡೆಯಿತು. ಎರಡು ಬೀದಿಗಳಲ್ಲಿ ಆಸ್ಪತ್ರೆಯಿಂದ ಹೊರಬರುವವರಿಗೆಂದು ಮನೆಗಳು ಬರಲಿದ್ದವು. ಒಂದು ಬೀದಿಯವರಿಗೆ ಮೊದಲೇ ತಿಳಿವಳಿಕೆಯ ಪತ್ರ, ವಿಡಿಯೊ ಕೊಟ್ಟು, ಬರುವವರ ಜೊತೆ ಒಡನಾಡುವ ಅವಕಾಶ ಮಾಡಿಕೊಟ್ಟರು. ಇನ್ನೊಂದು ಬೀದಿಯನ್ನು ಹಾಗೇ ಬಿಟ್ಟರು. ಕಾಯಿಲೆಯ ಬಗ್ಗೆ ಜನರ ಜ್ಞಾನ ಅಷ್ಟೇನೂ ಬೆಳೆಯಲಿಲ್ಲ, ಹೆದರಿಕೆ ಮಾತ್ರ ತಗ್ಗಿತು. ತಿಳಿವಳಿಕೆ ಕೊಟ್ಟ ಬೀದಿಯಲ್ಲಿ ನೆರೆಯವರು ಹೊಸಬರ ಮನೆಗೆ ಹೋದರು, ತಮ್ಮ ಮನೆಗೆ ಕರೆದರು. ಇನ್ನೊಂದರಲ್ಲಿ ಆ ಬಳಕೆ ಬೆಳೆಯಲಿಲ್ಲ. 1996ರಲ್ಲಿ ಈ ಅಧ್ಯಯನವನ್ನು ಪ್ರಕಟಿಸಿದ ನಾಲ್ವರಲ್ಲಿ ಒಬ್ಬರು ಸೌಮಿತ್ರ ಪಠಾರೆ. ಮುಂದೆ ಪುಣೆಗೆ ಬಂದು ನೆಲೆಸಿ, ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕರಡು ರೂಪಿಸುವಲ್ಲಿ ಕೇಂದ್ರ ಸರ್ಕಾರಕ್ಕೆ ನೆರವಾದವರೂ ಅವರೇ.

ಆ ಕಾಯ್ದೆಯ 19ನೇ ಕಲಮು ಹೇಳುವುದಿಷ್ಟು: ಮನೆಯವರು ಇಲ್ಲ, ಅಥವಾ ಒಪ್ಪುವುದಿಲ್ಲ, ಅಥವಾ ಹೊರಗೆ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ, ಅಂಥವರಿಗೆ ಮಧ್ಯಂತರ ಗೃಹ, ಸಾಮೂಹಿಕ ಮನೆಗಳನ್ನು ಸರ್ಕಾರ ಒದಗಿಸಬೇಕು. ನಮಗೆ ಇದರ ಅಗತ್ಯವೇ ಇಲ್ಲ, ನಮ್ಮಲ್ಲಿ ಕುಟುಂಬವಿದೆ ಎನ್ನುವವರಿದ್ದಾರೆ. ಈ ಮಾತಿಗೆ ಆಧಾರವೂ ಉಂಟು. ಐವತ್ತರ ದಶಕದಲ್ಲೇ ಅಮೃತಸರದಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಜೊತೆಗೇ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಅದೇ ಹಾದಿಯಲ್ಲಿ ಕುಟುಂಬದ ವಾರ್ಡುಗಳನ್ನು ಬೆಳೆಸಿತು, ಸಕಲವಾರದಲ್ಲಿ ಹಳ್ಳಿಗಳ ಕೆಲಸ ಹಿಡಿಯಿತು, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಇಂಗ್ಲೆಂಡಿನಷ್ಟು ಜನರನ್ನು ನಾವು ಎಂದೂ ಒಳಗೆ ತುಂಬಲಿಲ್ಲ ಎಂಬುದೂ ದಿಟ. ಆದರೆ 19ನೇ ಕಲಮು ಮಾತಾಡುತ್ತಿರುವುದು ಕುಟುಂಬ ಕೈಬಿಟ್ಟವರ ಬಗ್ಗೆ. ವಿಳಾಸ ಸುಳ್ಳಾದವರು, ಆಸ್ತಿಯ ಪಾಲಿನಿಂದ ಹೆಸರು ತೆಗೆಸಿದವರು, ಗಂಡ ಮರುಮದುವೆಯಾದ ಹೆಂಗಸರು. ಅವರಿಗೆ ಕುಟುಂಬದ ಹಿರಿಮೆಯನ್ನು ಹೇಳಿ ಪ್ರಯೋಜನವಿಲ್ಲ. ಕಾಯ್ದೆ ಇದ್ದೂ ಮಹಾರಾಷ್ಟ್ರದಲ್ಲಿ ಗುಣವಾದವರನ್ನು ಭಿಕ್ಷುಕರ ಗೃಹಗಳಿಗೆ, ವೃದ್ಧಾಶ್ರಮಗಳಿಗೆ ಸಾಗಿಸತೊಡಗಿದಾಗ, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೂಡಲೇ ನಿಲ್ಲಿಸಲು ಹೇಳಬೇಕಾಯಿತು. ಒಂದು ಗೋಡೆಯ ಒಳಗಿಂದ ಇನ್ನೊಂದು ಗೋಡೆಯ ಒಳಗೆ ಹಾಕುವುದಕ್ಕೆ ಫ್ರಯರ್ನ್‌ನ ಉದಾಹರಣೆ ಕೊಡಲಾಗದು.

ಬೇರೆ ದಾರಿ ಈ ನೆಲದಲ್ಲೂ ಇದೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿದ ರಿಚ್‌ಮಂಡ್ ಫೆಲೋಶಿಪ್‌ನ ಶಾಖೆ 1986ರಿಂದ ಬೆಂಗಳೂರಿನಲ್ಲಿದ್ದು ಮಧ್ಯಂತರ ಗೃಹಗಳನ್ನು ನಡೆಸುತ್ತಿದೆ. ಚೆನ್ನೈನ ಬ್ಯಾನ್ಯನ್ ಸಂಸ್ಥೆ 2015ರಿಂದ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ನಾಲ್ಕೈದು ಜನರನ್ನು ಒಟ್ಟಿಗೆ ಸಾಮಾನ್ಯ ಬೀದಿಯ ಬಾಡಿಗೆ ಮನೆಯಲ್ಲಿಟ್ಟು, ಜೊತೆಗೆ ಒಬ್ಬ ಸಹಾಯಕಿಯನ್ನು ಕೊಡುವ ಕ್ರಮ ತಂದಿದೆ. ಏನು ಅಡುಗೆ, ಯಾವ ಸೀರೆ, ಸಂತೆಗೆ ಯಾವಾಗ ಎಂಬುದನ್ನು ಅಲ್ಲಿರುವವರೇ ತೀರ್ಮಾನಿಸುತ್ತಾರೆ. ಕರ್ನಾಟಕದಲ್ಲಿ ಇಂಥ ಮನೆಗಳು ಬೇಕಾದಷ್ಟಿಲ್ಲ. ಸರ್ಕಾರ ತನ್ನ ಬಜೆಟ್ಟಿನಲ್ಲಿ ಆಸ್ಪತ್ರೆಯ ಹೆಸರಿನಲ್ಲಿ ಇಡುವ ಹಣವನ್ನು ಹೊರಡುವ ವ್ಯಕ್ತಿಯ ಹೆಸರಿಗೆ ಬರೆಯದ ಹೊರತು ಅವು ಹೆಚ್ಚುವುದೂ ಇಲ್ಲ.

ಹಣ ಬಂದರೂ ಮನೆ ಸಿಗಬೇಕಲ್ಲ. ಹಾಗಾಗಿ ಬಾಡಿಗೆಗೆ ಕೊಡಲು ಮನೆ ಇರುವ ಓದುಗರಲ್ಲಿ ಒಂದು ಕೇಳಿಕೆ. ಇಂಥ ಸಂಸ್ಥೆಯವರು ನಿಮ್ಮ ಬಾಗಿಲಿಗೆ ಬಂದರೆ ಒಂದೇ ಮಾತಿಗೆ ಬೇಡ ಎನ್ನಬೇಡಿ. ರಾತ್ರಿ ಜೊತೆಗೆ ಯಾರಿರುತ್ತಾರೆ, ಮಾತ್ರೆ ಯಾರು ನೋಡಿಕೊಳ್ಳುತ್ತಾರೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ಉತ್ತರ ಸರಿಯಿದ್ದರೆ ಅಡ್ವಾನ್ಸ್ ತೆಗೆದುಕೊಂಡು ಬೀಗದ ಕೈ ಕೊಡಿ.